ಪಿಕ್ ಬೇಡ, ಹೆಬ್ಬೆರಳೇ ಸಾಕು

ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಇಲ್ಲದೆ ಗಿಟಾರ್ ನುಡಿಸೋರಿಗೆ ಯಾವ ಜಾಝ್ ಲೈವ್ ಆಲ್ಬಂ ಒಳ್ಳೆಯದು ಅಂತ ಕೇಳಿದ್ದೀರಿ. ಗಿಟಾರ್ ವಾದಕ ವೆಸ್ ಮಾಂಟ್ಗೊಮರಿಯ 'ಸ್ಮೋಕಿನ್ ಅಟ್ ದ ಹಾಫ್ ನೋಟ್' ಕೇಳಿ ಸಾರ್. ಅವರದೂ ಬರೀ ಹೆಬ್ಬೆರಳೇ! 1965ರದು. ಪೂರ್ತಿ ಲೈವ್ ಅಲ್ಲ, ಮೊದಲ ಎರಡು ಟ್ರ್ಯಾಕ್ ಮಾತ್ರ ನ್ಯೂಯಾರ್ಕಿನ ಕ್ಲಬ್ಬಿನಲ್ಲಿ ನುಡಿಸಿದ್ದು.

ಮೊದಲ ಟ್ರ್ಯಾಕ್ 'ನೋ ಬ್ಲೂಸ್' ಸುಮಾರು 13 ನಿಮಿಷ ಇದೆ. ಬೆಳಗಿನ ರೈಲು ತುಮಕೂರು ಬಿಟ್ಟಾಗ ಹಾಕಿದರೆ ಕ್ಯಾತ್ಸಂದ್ರ ದಾಟಿದರೂ ಮುಗಿಯಲ್ಲ. ಮೊದಲು ಒಂಟಿ ಸ್ವರಗಳು, ಆಮೇಲೆ ಆಕ್ಟೇವ್ (ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಒಟ್ಟಿಗೆ), ಕೊನೆಗೆ ಹಲವು ಸ್ವರ ಒಟ್ಟಿಗೆ ಸೇರಿದ ಕಾರ್ಡ್‌ಗಳು. ಆ ಏರಿಕೆ ಕೇಳ್ತಾ ಎಷ್ಟು ಸಲ ಮೈ ಜುಮ್ಮೆಂದಿದೆಯೋ! ವಿಂಟನ್ ಕೆಲ್ಲಿಯ ಪಿಯಾನೋಗೂ ಕಿವಿ ಕೊಡಿ.

ಆಕ್ಟೇವ್ ನುಡಿಸುವಾಗ ನಡುವಿನ ತಂತಿಯನ್ನು ಎಡಗೈ ಬೆರಳಿಂದ ಸುಮ್ನೆ ಮುಟ್ಟಿ ಹಿಡಿಯಿರಿ, ಒತ್ತಬೇಡಿ. ಆಗ ಹೆಬ್ಬೆರಳು ಮೂರೂ ತಂತಿ ಸವರಿದರೂ ಎರಡೇ ಸ್ವರ ಕೇಳುತ್ತೆ.