ತೀರ್ಮಾನ ಸಮಕ್ಕೆ ಬಂತು, ಸ್ವಿಂಗ್ ಎಲ್ಲಿ ಹೋಯಿತು?

ಪ್ರಶ್ನೆ: ಮೃದಂಗದಲ್ಲಿ ಸೀನಿಯರ್ ಮುಗಿಸಿದ್ದೇನೆ, ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ನುಡಿಸುತ್ತೇನೆ. ಈಗ ಜಾಝ್ ತಂಡವೊಂದು ಕರೆದಿದೆ. ನನ್ನ ಸೋಲೊದಲ್ಲಿ ತೀರ್ಮಾನ (ಒಂದೇ ಪದವನ್ನು ಮೂರು ಸಲ ನುಡಿಸಿ ಮುಗಿಸುವುದು) ಸರಿಯಾಗಿ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಬಂದರೂ ‘ಸ್ವಿಂಗ್ ಹೋಯ್ತು’, ಜಾಝ್‌ನ ತೂಗುವ ಲಯ ತಪ್ಪಿತು, ಅನ್ನುತ್ತಾರೆ. ಏನು ತಪ್ಪು? ಎರಡೂ ಸಂಗೀತ ಹಿಡಿದು ಬದುಕಲು ಸಾಧ್ಯವೇ?
– ಓದುಗರು, ಶಿವಮೊಗ್ಗ

ಉತ್ತರ: ಚತುರಶ್ರದ (ಪ್ರತಿ ಎಣಿಕೆಗೆ ನಾಲ್ಕು ಸಮಭಾಗ, ಅಂದರೆ ನಾಲ್ಕು ಮಾತ್ರೆ) ತೀರ್ಮಾನವನ್ನು ಇದ್ದ ಹಾಗೇ ತಂದು ಕೂರಿಸುತ್ತಿದ್ದೀರಿ ಅನ್ನಿಸುತ್ತದೆ. ಮಧ್ಯಮ ವೇಗದ ಸ್ವಿಂಗ್ ತಿಶ್ರ ನಡೆಗೆ (ಎಣಿಕೆಗೆ ಮೂರು ಮಾತ್ರೆ) ಹತ್ತಿರ. ರೈಡ್ ಸಿಂಬಲ್ (ಲಯ ಹಿಡಿಯುವ ದೊಡ್ಡ ಲೋಹದ ತಟ್ಟೆ) ಮೇಲೆ ಒಂದು ಮತ್ತು ಮೂರನೇ ಎಣಿಕೆಗೆ ಒಂದೊಂದೇ ಪೆಟ್ಟು. ಎರಡು ಮತ್ತು ನಾಲ್ಕಕ್ಕೆ ತಿಶ್ರದ ಮೊದಲ ಹಾಗೂ ಮೂರನೇ ಮಾತ್ರೆಯಲ್ಲಿ ಪೆಟ್ಟು. ಎಡಗಾಲಿನ ಹೈ-ಹ್ಯಾಟ್ (ಪೆಡಲ್ ಒತ್ತಿದರೆ ಮುಚ್ಚುವ ಜೋಡಿ ಸಿಂಬಲ್) ಎರಡು, ನಾಲ್ಕರಲ್ಲಿ ಮುಚ್ಚಬೇಕು.

ಈಗ ಲೆಕ್ಕ ನೋಡಿ. ನಾಲ್ಕೆಣಿಕೆಯ ಎರಡು ಬಾರ್ (ನಮ್ಮ ಆವರ್ತದಂಥದ್ದು) ಅಂದರೆ ಎಂಟು ಎಣಿಕೆ. ಚತುರಶ್ರದಲ್ಲಿ ಅದು 32 ಮಾತ್ರೆ: ‘ತದಿಗಿಣತೊಂ ತದಿಗಿಣತೊಂ’ ಹತ್ತು ಮಾತ್ರೆ, ಮೂರು ಸಲಕ್ಕೆ 30, ನಡುವೆ ಒಂದೊಂದು ಮಾತ್ರೆಯ ಎರಡು ಕಾರ್ವೆ (ಬಿಡುವು). ನೀವು ನುಡಿಸುತ್ತಿರುವುದು ಇಂಥದ್ದೇ ಇರಬೇಕು. ತಿಶ್ರದಲ್ಲಿ ಅದೇ ಜಾಗದಲ್ಲಿ ಇರುವುದು 24 ಮಾತ್ರೆ ಮಾತ್ರ. ಹಾಗಾಗಿ ‘ತದಿ,ಗಿಣತೊಂ’ ತೆಗೆದುಕೊಳ್ಳಿ, ಅಲ್ಪವಿರಾಮದ ಬಿಡುವೂ ಸೇರಿ ಆರು ಮಾತ್ರೆ. ಮೂರು ಸಲ 18, ಮೂರು ಮಾತ್ರೆಯ ಎರಡು ಕಾರ್ವೆ ಸೇರಿ 24. ಒಂದು, ನಾಲ್ಕು, ಏಳನೇ ಎಣಿಕೆಯಲ್ಲಿ ಪದ ಶುರುವಾಗುತ್ತದೆ. ಕಾರ್ವೆಯಲ್ಲಿ ಕೈ ಸುಮ್ಮನಿದ್ದರೂ ಎಡಗಾಲು ನಿಲ್ಲಬಾರದು. ಮೃದಂಗದಿಂದ ಬಂದವರು ಎಡವುವುದು ಇಲ್ಲಿಯೇ: ಕಾಲೂ ತೀರ್ಮಾನದ ಜೊತೆ ಓಡಿಬಿಡುತ್ತದೆ, ಬೇಸ್ ನುಡಿಸುವವರಿಗೆ ಆಧಾರವೇ ಇಲ್ಲವಾಗುತ್ತದೆ. ಮೊದಲು ಬಾಯಲ್ಲಿ ಸೊಲ್ಲು (‘ತದಿಗಿಣತೊಂ’ನಂಥ ಲಯದ ಅಕ್ಷರ) ಹೇಳುತ್ತಾ ಕೈಯಲ್ಲಿ ರೈಡ್, ಕಾಲಲ್ಲಿ ಹೈ-ಹ್ಯಾಟ್ ಇಟ್ಟು ನಿಮಿಷಕ್ಕೆ 100 ಎಣಿಕೆಯ ವೇಗದಲ್ಲಿ ಸಾಧನೆ ಮಾಡಿ. ಆಮೇಲೆ ಸೊಲ್ಲನ್ನು ಸ್ನೇರ್ ಡ್ರಮ್‌ಗೆ ಇಳಿಸಿ. ವೇಗ 200 ದಾಟಿದ ಮೇಲೆ ತಿಶ್ರವನ್ನು ಕಟ್ಟುನಿಟ್ಟಾಗಿ ಹಿಡಿಯಬೇಡಿ, ಸ್ವಿಂಗ್ ಅಲ್ಲಿ ತಾನಾಗಿ ಸಮಭಾಗದ ನಡೆಯ ಕಡೆ ವಾಲುತ್ತದೆ.

ತೀರ್ಮಾನ ಸಮಕ್ಕೆ ಬಂದರೆ ಸಾಲದು, ಹಾಡಿನ ಯಾವ ಭಾಗದ ಸಮ ಎಂಬುದೂ ಮುಖ್ಯ. ಹಳೆಯ ಜಾಝ್ ಹಾಡುಗಳಲ್ಲಿ ಬಹಳಷ್ಟು 32 ಬಾರ್‌ನವು, ಎಂಟೆಂಟರ ನಾಲ್ಕು ತುಂಡು. ಸೋಲೊ ನುಡಿಸುವಾಗಲೂ ಮನಸ್ಸಿನಲ್ಲಿ ಹಾಡು ಹರಿಯುತ್ತಿರಬೇಕು.

ಬದುಕಿನ ಪ್ರಶ್ನೆಗೆ ರಮೇಶ್ ಶೋಥಂ ಅವರ ದಾರಿ ನೋಡಿ. ಮದ್ರಾಸಿನವರು, ರಾಕ್ ತಂಡದಲ್ಲಿ ಡ್ರಮ್ಸ್ ನುಡಿಸುತ್ತಿದ್ದವರು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನಲ್ಲಿ ಕಲಿತು, ಜರ್ಮನಿಯ ಕಲೋನ್‌ನಲ್ಲಿ ನೆಲೆಸಿದರು. ಡ್ರಮ್ಸ್ ಜೊತೆಗೆ ತವಿಲ್, ಘಟ, ಕಂಜಿರಗಳನ್ನೂ ನುಡಿಸುವುದರಿಂದ ಅವರಿಗೆ ಬಗೆಬಗೆಯ ತಂಡಗಳಲ್ಲಿ ಜಾಗವಿದೆ. ನೀವೂ ಮೃದಂಗ ಬಿಡಬೇಡಿ. ಜೊತೆಗೆ ಪಾಶ್ಚಾತ್ಯ ಸ್ವರಲಿಪಿ ಓದುವುದನ್ನು ಈಗಲೇ ಕಲಿಯಿರಿ. ಯುರೋಪಿನಲ್ಲಿ ಒಂದೇ ರಿಹರ್ಸಲ್‌ಗೆ ವೇದಿಕೆ ಹತ್ತಬೇಕಾದಾಗ ಕಾಗದ ಓದಬಲ್ಲವರನ್ನೇ ಕರೆಯುತ್ತಾರೆ.

ಪ್ರಶ್ನೆ: ಡಿಸೆಂಬರಿನಲ್ಲಿ ಜರ್ಮನಿಯಲ್ಲಿ ಜಾಝ್ ತಂಡದ ಜೊತೆ ಡ್ರಮ್ಸ್ ಕಾರ್ಯಕ್ರಮವಿದೆ. ಏನೇನು ಒಯ್ಯಬೇಕು?
– ಓದುಗರು, ಬೆಂಗಳೂರು

ಉತ್ತರ: ಸಿಂಬಲ್, ಕೋಲು, ಬ್ರಶ್, ಪೆಡಲ್ ಸಾಕು. ಡ್ರಮ್ ಸೆಟ್ಟನ್ನು ಆಯೋಜಕರಿಂದ ಕೇಳಿ, ಅಳತೆಯನ್ನು ಬರೆದೇ ಕೊಡಿ: ಬೇಸ್ ಡ್ರಮ್ 18 ಇಂಚು, ಟಾಮ್ 12 ಮತ್ತು 14, ಸ್ನೇರ್ 14. ಬರೆಯದಿದ್ದರೆ 22 ಇಂಚಿನ ರಾಕ್ ಸೆಟ್ ಬಂದೀತು, ಅದರ ಗುಂಯ್‌ಗುಡುವಿಕೆಯಲ್ಲಿ ಡಬಲ್ ಬೇಸ್ ಕೇಳಿಸುವುದಿಲ್ಲ.

ಮೃದಂಗ ಒಯ್ಯುವುದಾದರೆ, ಹೀಟರ್ ಹಾಕಿದ ಹಾಲ್‌ನ ಒಣ ಗಾಳಿಗೆ ಚರ್ಮ ಬಿಗಿದು ಶ್ರುತಿ ಏರುತ್ತದೆ. ಒಂದೆರಡು ಗಂಟೆ ಮೊದಲೇ ವಾದ್ಯವನ್ನು ಹಾಲ್‌ನಲ್ಲಿಟ್ಟು, ವೇದಿಕೆಯ ದೀಪ ಹೊತ್ತಿಸಿದ ಮೇಲೆ ಇನ್ನೊಮ್ಮೆ ಶ್ರುತಿ ಮಾಡಿ. ಮೃದಂಗದ ಎಡಮುಖಕ್ಕೆ ಹಚ್ಚಿದ ರವೆಯೂ ಅಲ್ಲಿ ಬೇಗ ಒಣಗುತ್ತದೆ. ಸ್ವಲ್ಪ ತೆಳ್ಳಗೆ ಕಲಸಿ, ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಳ್ಳಿ.