ಬೇಸಿಗೆ ರಜೆಯಲ್ಲಿ ಮಕ್ಕಳನ್ನು ವನ್ಯಧಾಮಕ್ಕೆ ಕರೆದೊಯ್ದರೆ ಏನೂ ಕಾಣುವುದಿಲ್ಲವಲ್ಲ, ಏನು ಮಾಡಬೇಕು?

ಆರು ಮತ್ತು ಹತ್ತು ವರ್ಷದ ಮಕ್ಕಳನ್ನು ಎರಡು ಸಲ ಹತ್ತಿರದ ವನ್ಯಧಾಮಕ್ಕೆ ಕರೆದುಕೊಂಡು ಹೋದಿರೆಂದೂ, ಬಿಸಿಲಿನಲ್ಲಿ ಸುತ್ತಿ ದಣಿದ ಅವರು ಏನೂ ಕಾಣಲಿಲ್ಲವೆಂದು ಮುನಿಸಿಕೊಂಡರೆಂದೂ ಬರೆದಿದ್ದೀರಿ. ನಮ್ಮ ಮನೆಯಲ್ಲಿಯೂ ಮೊದಲ ಬೇಸಿಗೆ ಹೀಗೆಯೇ ಕಳೆಯಿತು. ಆ ಮೇಲೆ ನಾನು ಕಂಡುಕೊಂಡದ್ದು ಇಷ್ಟೇ: ಸುತ್ತುವುದನ್ನು ಬಿಟ್ಟು, ನೀರು ಉಳಿದಿರುವ ಒಂದು ಜಾಗವನ್ನು ಹುಡುಕಿ, ಅದಕ್ಕೆ ಸ್ವಲ್ಪ ದೂರದ ನೆರಳಿನಲ್ಲಿ ಮಕ್ಕಳೊಂದಿಗೆ ಕುಳಿತುಬಿಡಿ.

ಸಣ್ಣ ಹೊಂಡಗಳು, ತೊರೆಗಳು ಬತ್ತುತ್ತಾ ಬಂದಂತೆ ಸುತ್ತಮುತ್ತಲಿನ ಪ್ರಾಣಿಪಕ್ಷಿಗಳೆಲ್ಲ ಉಳಿದ ಕೆಲವೇ ನೀರಿನ ತಾಣಗಳಿಗೆ ಬರಲೇಬೇಕಾಗುತ್ತದೆ. ನೀವು ಹುಡುಕಿಕೊಂಡು ಹೋದಾಗ ಪೊದೆಯೊಳಗೆ ಸರಿದುಬಿಡುವ ಜೀವಿಗಳು ನೀವು ಅಲುಗಾಡದೆ ಕುಳಿತಾಗ ತಾವಾಗಿಯೇ ಎದುರಿಗೆ ಬರುತ್ತವೆ. ಆದರೆ ನೀರಿನ ಅಂಚಿಗೇ ಹೋಗಿ ಕೂರಬೇಡಿ. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ, ಹೆಚ್ಚಾಗಿ ಕೊಕ್ಕು ತೆರೆದು ಏದುಸಿರು ಬಿಟ್ಟೇ ಅವು ಮೈ ತಂಪು ಮಾಡಿಕೊಳ್ಳುತ್ತವೆ, ಹಾಗೆ ಮಾಡುವಾಗ ದೇಹದ ನೀರನ್ನೂ ಕಳೆದುಕೊಳ್ಳುತ್ತವೆ. ಹತ್ತಿರದ ಕೊಂಬೆಯಲ್ಲಿ ಒಂದು ಹಕ್ಕಿ ಬಾಯಿ ತೆರೆದುಕೊಂಡು ಕುಳಿತಿದ್ದು, ನೀರಿಗೆ ಇಳಿಯಲು ಹಿಂದೆಗೆಯುತ್ತಿದ್ದರೆ, ನೀವು ಅದರ ದಾರಿಗೆ ಅಡ್ಡವಾಗಿದ್ದೀರಿ ಎಂದೇ ತಿಳಿದು ಹಿಂದೆ ಸರಿಯಿರಿ. ಇದನ್ನು ಮಕ್ಕಳಿಗೆ ಮೊದಲೇ ವಿವರಿಸಿದರೆ ಅವರೇ ನಮಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ.

ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಬೇಕು, ಬಿಸಿಲು ಚುರುಗುಟ್ಟುವ ಮೊದಲು ಹೊರಟುಬಿಡಬೇಕು. ನಡುಹಗಲಿನಲ್ಲಿ ಹೆಚ್ಚಿನ ಪ್ರಾಣಿಗಳು ನೆರಳು ಹಿಡಿದು ಮಲಗಿರುತ್ತವೆ, ಆಗ ಹೋಗಿ ಫಲವಿಲ್ಲ. ಕಾಡ್ಗಿಚ್ಚಿನ ಭಯವಿರುವ ದಿನಗಳಲ್ಲಿ ಕೆಲವು ಕಡೆ ಪ್ರವೇಶವನ್ನೇ ನಿಲ್ಲಿಸುವುದರಿಂದ ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಇನ್ನು ಆರು ವರ್ಷದ ಮಗು ಅರ್ಧ ಗಂಟೆ ಸುಮ್ಮನೆ ಕೂರುವುದೇ ಎಂಬ ನಿಮ್ಮ ಸಂದೇಹ. ದೊಡ್ಡ ಪ್ರಾಣಿಗಾಗಿ ಕಾಯಲು ಹೇಳಿದರೆ ಖಂಡಿತ ಕೂರುವುದಿಲ್ಲ. ಕಣ್ಣೆದುರಿಗೇ ಇರುವುದನ್ನು ತೋರಿಸಿದರೆ ಕೂರುತ್ತದೆ. ನನ್ನ ಚಿಕ್ಕ ಮಗಳನ್ನು ಹಿಡಿದು ಕೂರಿಸಿದ್ದು ಜೊಂಡಿನ ತುದಿಯಲ್ಲಿ ಕುಳಿತಿದ್ದ ಒಂದು ಏರೋಪ್ಲೇನ್ ಚಿಟ್ಟೆ. ಬೆಳಿಗ್ಗೆ ಅದರ ಬಾಲ ನೆಲಕ್ಕೆ ಸಮನಾಗಿತ್ತು. ಬಿಸಿಲೇರಿದಂತೆ ಬಾಲವನ್ನು ಸ್ವಲ್ಪಸ್ವಲ್ಪವಾಗಿ ಮೇಲೆತ್ತುತ್ತಾ, ಕೊನೆಗೆ ತಲೆಕೆಳಗಾಗಿ ನಿಂತಂತೆ ತುದಿಯನ್ನು ಸೂರ್ಯನತ್ತ ಚಾಚಿತು. ಹಾಗೆ ನಿಂತರೆ ಮೈಯ ತೀರ ಕಡಿಮೆ ಭಾಗಕ್ಕೆ ಬಿಸಿಲು ತಾಗುತ್ತದೆ ಎಂದು ವಿವರಿಸಿದಾಗ ಅವಳು ತನ್ನ ನೆರಳನ್ನೂ ಅದರ ನೆರಳನ್ನೂ ಬಹಳ ಹೊತ್ತು ನೋಡುತ್ತಾ ಕುಳಿತಳು. ಪಕ್ಕದ ಒದ್ದೆ ಮಣ್ಣಿನ ಮೇಲೆ ಗುಂಪುಗೂಡುವ ಚಿಟ್ಟೆಗಳನ್ನೂ ತೋರಿಸಿ. ಅವುಗಳಲ್ಲಿ ಹೆಚ್ಚಿನವು ಗಂಡುಗಳು, ಮಕರಂದದಲ್ಲಿ ಸಾಕಷ್ಟು ಸಿಗದ ಸೋಡಿಯಂನಂಥ ಲವಣಗಳನ್ನು ಮಣ್ಣಿನಿಂದ ಹೀರಲು ಬಂದಿರುತ್ತವೆ.

ಸಲಕರಣೆಗೆ ಹೆಚ್ಚು ಖರ್ಚು ಬೇಡ. ಬೈನಾಕ್ಯುಲರ್ ಕೊಳ್ಳುವುದಾದರೆ 8x42 ಎಂದು ಬರೆದಿರುವುದು ದೊಡ್ಡವರಿಗೆ ಸಾಕು. ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಮಸೂರ 42 ಮಿಲಿಮೀಟರ್ ಅಗಲವಿರುವ ದುರ್ಬೀನು ಅದು. ಚಿಕ್ಕವರಿಗೆ ಅದು ಭಾರ, ಇನ್ನೂ ಹಗುರಾದದ್ದು ಬೇಕು. ಹೆಸರು ತಿಳಿಯದ ಗಿಡ, ಹುಳುಗಳ ಫೋಟೊ ತೆಗೆದು, 2008ರಲ್ಲಿ ಆರಂಭವಾದ ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಮನೆಗೆ ಬಂದ ಮೇಲೆ ಸೇರಿಸಿದರೆ ಬಲ್ಲವರು ಗುರುತಿಸಿಕೊಡುತ್ತಾರೆ. ಹತ್ತು ವರ್ಷದ ಮಗುವಿಗೆ ಇದು ಬಹಳ ಹಿಡಿಸೀತು. ಆದರೆ ಹಕ್ಕಿಯ ಗೂಡಿನ ಜಾಗವನ್ನು ಮಾತ್ರ ಎಲ್ಲಿಯೂ ಹಂಚಬೇಡಿ. ಉದ್ದ ಪ್ಯಾಂಟು, ಮುಚ್ಚಿದ ಶೂ ಹಾಕಿಸಿ, ಮನೆಗೆ ಬಂದೊಡನೆ ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ, ಮೊಣಕಾಲಿನ ಹಿಂಬದಿಯಲ್ಲಿ ಉಣುಗು ಕಚ್ಚಿಕೊಂಡಿದೆಯೇ ಎಂದು ನೋಡಿ.

ಸಾಧ್ಯವಾದರೆ ಪ್ರತಿಸಲ ಹೊಸ ಜಾಗ ಹುಡುಕದೆ ಅದೇ ಹೊಂಡಕ್ಕೆ ಮತ್ತೆ ಹೋಗಿ. ನಾವು ಮೊದಲ ದಿನ ಅರ್ಧ ಮುಳುಗಿದ್ದ ಒಂದು ಬಂಡೆಯನ್ನು ಗುರುತಿಟ್ಟುಕೊಂಡಿದ್ದೆವು. ಮೂರು ವಾರಗಳ ಬಳಿಕ ಹೋದಾಗ ಅದು ಪೂರ್ತಿ ಹೊರಬಂದಿತ್ತು, ಸುತ್ತಲಿನ ಕೆಸರಿನ ತುಂಬ ಹೆಜ್ಜೆಗಳಿದ್ದವು. ನಾಯಿಯ ಜಾತಿಯವುಗಳ ಹೆಜ್ಜೆಯಲ್ಲಿ ಉಗುರಿನ ಗುರುತು ಸಾಮಾನ್ಯವಾಗಿ ಮೂಡಿರುತ್ತದೆ, ಬೆಕ್ಕಿನ ಜಾತಿಯವು ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ಮೂಡುವುದಿಲ್ಲ ಎಂದು ಹೇಳಿದೆ. ಮಗಳು ಮಂಡಿಯೂರಿ ಕುಳಿತು ಒಂದೊಂದು ಹೆಜ್ಜೆಯನ್ನೂ ಪರೀಕ್ಷಿಸಿ, ಉಗುರಿಲ್ಲದ ಒಂದು ಸಾಲನ್ನು ಕಂಡು, ಅದು ನೀರಿನವರೆಗೆ ಬಂದು ಹಿಂತಿರುಗಿದ್ದನ್ನು ಬೆರಳು ಮಾಡಿ ನನಗೆ ತೋರಿಸಿದಳು.