ಮಣಿ ಹಾಕಿ ಹೆಣೆಯುವಾಗ ಟೆನ್ಷನ್ (ನೂಲಿನ ಬಿಗಿ) ಸರಿಯಾಗಿ ಬರೋಕೆ ಏನ್ ಮಾಡ್ಬೇಕು?

ಕೆಲವು ಮಣಿ ಜೋತು ಬೀಳುತ್ತೆ, ಕೆಲವು ಹಿಂದಕ್ಕೆ ಹೋಗಿಬಿಡುತ್ತೆ, ಬಿಗಿಯಾಗಿ ಎಳೆದ್ರೆ ಸುತ್ತ ಸುಕ್ಕು ಬರುತ್ತೆ ಅಂತ ಬರ್ದಿದೀರಲ್ಲ, ಈ ಮೂರೂ ನನಗೂ ಆಗಿದೆ. ನೀವು ಮಣಿನೇ ಬಿಗಿ ಮಾಡೋಕೆ ಹೋಗ್ತಿದೀರ ಅನ್ಸುತ್ತೆ. ಮಣಿಯನ್ನ ಎಳೀಬೇಡಿ, ಅದರ ಹಿಂದಿನ ಮತ್ತು ಮುಂದಿನ ಸ್ಟಿಚ್ ಗಟ್ಟಿಯಾಗಿದ್ರೆ ಮಣಿ ತಾನಾಗೇ ಕೂರುತ್ತೆ.

ನೂಲಿಗೆ ಮೊದಲೇ ಮಣಿ ಪೋಣಿಸ್ಕೊಂಡು, ಒಂದು ಸ್ಟಿಚ್ ಹೆಣೆಯದೆ ಹಾಗೇ ಬಲಗಡ್ಡಿಗೆ ದಾಟಿಸಿ ಅದರ ಮುಂದೆ ಮಣಿ ಕೂರಿಸೋ ವಿಧಾನ ನಿಮ್ಮದು ಅಂದ್ಕೋತೀನಿ. ಅಲ್ಲಿ ನೂಲನ್ನ ಮುಂದೆ ತಂದು, ಮಣಿಯನ್ನ ಕಡ್ಡಿ ಪಕ್ಕಕ್ಕೆ ತಳ್ಳಿ, ಸ್ಟಿಚ್ ದಾಟಿಸಿ, ನೂಲನ್ನ ಹಿಂದಕ್ಕೆ ಹಾಕಿದ ಮೇಲೆ ಒಂದು ಕ್ಷಣ ನಿಲ್ಲಿಸಿ, ಬಲಗಡ್ಡಿ ಮೇಲಿರೋ ಕೊನೆಯ ಎರಡು ಮೂರು ಸ್ಟಿಚ್ ಸ್ವಲ್ಪ ದೂರ ದೂರ ಸರಿಸಿ, ಹೆಬ್ಬೆರಳಲ್ಲಿ ಮಣಿಯನ್ನ ಬಟ್ಟೆಗೆ ಒತ್ತಿ ಹಿಡ್ಕೊಂಡೇ ಮುಂದಿನ ಸ್ಟಿಚ್ ಹೆಣೀರಿ. ಮಣಿ ಕೂತಿರೋ ಆ ಅಡ್ಡ ಎಳೆ ಮಣಿಯ ಅಗಲದಷ್ಟೇ ಇರಬೇಕು. ಅದಕ್ಕಿಂತ ಉದ್ದ ಆದ್ರೆ ಜೋತು ಬೀಳುತ್ತೆ, ಕಮ್ಮಿ ಆದ್ರೆ ಅಕ್ಕಪಕ್ಕದ ಸ್ಟಿಚ್‌ಗಳು ಒಂದರ ಕಡೆಗೊಂದು ಎಳ್ಕೊಂಡು ಸುಕ್ಕಾಗುತ್ತೆ. ಮುಂದಿನ ಸ್ಟಿಚ್ ಹೆಣೆದಾದ್ಮೇಲೆ ನೂಲನ್ನ ಮೆತ್ತಗೆ ಒಂದೇ ಸಲ ಎಳೀರಿ, ಸಾಕು.

ಇನ್ನೊಂದು ವಿಷಯ, ಇದನ್ನ ಯಾರೂ ಹೇಳಿಕೊಡಲ್ಲ, ನನಗೆ ಗೊತ್ತಾಗೋಕೆ ತುಂಬಾ ದಿನ ಹಿಡೀತು. ಒಂದು ಶಾಲಿನ ಅಂಚಲ್ಲಿ ಪ್ರತಿ ಐದಾರು ಮಣಿಗೊಂದು ಸಡಿಲ ಸ್ಟಿಚ್ ಬರ್ತಿತ್ತು, ಯಾಕೆ ಅಂತ ನೋಡ್ತಾ ನೋಡ್ತಾ ಕೂತಾಗ ಗೊತ್ತಾಗಿದ್ದೇನಂದ್ರೆ, ಕಿರುಬೆರಳಿಗೆ ಸುತ್ತಿದ್ದ ನೂಲು ಬಿಡಿಸಿ ಮಣಿ ಮೇಲಕ್ಕೆ ತಂದು ಮತ್ತೆ ಸುತ್ಕೊಂಡ ತಕ್ಷಣ ಹೆಣೆದ ಸ್ಟಿಚ್ ಯಾವಾಗ್ಲೂ ಸಡಿಲ, ಯಾಕಂದ್ರೆ ಕೈಗೆ ಹಿಡಿತ ಇನ್ನೂ ವಾಪಸ್ ಬಂದಿರಲ್ಲ. ಈಗ ತೋರುಬೆರಳು ಕಿರುಬೆರಳ ಮಧ್ಯೆ ನಾಲ್ಕೈದು ಮಣಿ ಮಾತ್ರ ಇಟ್ಕೋತೀನಿ, ಹೊಸದು ತರೋದು ಸಾಲಿನ ಕೊನೇಲಿ, ಇಲ್ಲಾಂದ್ರೆ ಮಣಿ ಇಲ್ಲದ ಉಲ್ಟಾ ಸಾಲಲ್ಲಿ (ಬಟ್ಟೆಯ ಹಿಂಬದಿ ನಮ್ಮ ಕಡೆ ಇರೋ ಸಾಲು). ಮಣಿಗೂ ಅದನ್ನ ಲಾಕ್ ಮಾಡೋ ಮುಂದಿನ ಸ್ಟಿಚ್‌ಗೂ ಮಧ್ಯೆ ಮಾತ್ರ ಕೈ ಬಿಡ್ಲೇಬೇಡಿ. ಉಂಡೆನೂ ಮಡಿಲಲ್ಲೇ ಇರ್ಲಿ, ನೆಲದ ಮೇಲಿಟ್ರೆ ಪೋಣಿಸಿದ ಮಣಿಗಳ ಭಾರವೆಲ್ಲ ನೂಲನ್ನ ಕೆಳಗೆ ಜಗ್ಗಿ ನಿಮಗೆ ಗೊತ್ತಿಲ್ದಂಗೆ ಕೈ ಬಿಗಿ ಆಗುತ್ತೆ.

ಮಣಿ ಸೈಜ್ ಕೂಡ ನೋಡಿ. ನಂಬರ್ ದೊಡ್ಡದಾದಷ್ಟೂ ಮಣಿ ಚಿಕ್ಕದು, 6/0 ಅಂದ್ರೆ ಸುಮಾರು 4 ಮಿಮೀ, 8/0 ಸುಮಾರು 3 ಮಿಮೀ, 11/0 ಸುಮಾರು 2 ಮಿಮೀ. 10 ಸೆಂಮೀಗೆ 28 ಸ್ಟಿಚ್ ಬರೋ ಹೆಣಿಗೆಯಲ್ಲಿ ಒಂದು ಸ್ಟಿಚ್ ಅಗಲ 3.6 ಮಿಮೀ ಆಗುತ್ತೆ, ಅಲ್ಲಿಗೆ 8/0 ಆರಾಮಾಗಿ ಕೂರುತ್ತೆ, 6/0 ಹಾಕಿದ್ರೆ ಮಣಿ ತನಗೆ ಜಾಗ ಬೇಕು ಅಂತ ಸ್ಟಿಚ್‌ಗಳನ್ನ ತಳ್ಳಿ ಆ ಭಾಗ ಅಲೆ ಅಲೆಯಾಗುತ್ತೆ. ನಾನು ಹಾಗೇ ಮಾಡಿ, ನನ್ನ ಕೈಯದೇ ತಪ್ಪು ಅಂತ ಮೂರು ಸಲ ಬಿಚ್ಚಿದ್ದೆ, 8/0 ಹಾಕಿದ ಮೇಲೆ ಅದೇ ಕೈ, ಅದೇ ಕಡ್ಡಿ, ನೀಟಾಗಿ ಬಂತು. ತೂತೂ ನೋಡ್ಕೊಳ್ಳಿ, ನೂಲು ಮಣಿಯೊಳಗೆ ಸಲೀಸಾಗಿ ಜಾರಬೇಕು, ಸಿಕ್ಕಿ ಸಿಕ್ಕಿ ಬಂದ್ರೆ ಪ್ರತಿ ಸಲ ಜಗ್ತೀರ, ನೂಲೂ ಸವೆದು ಜುಂಗಾಗುತ್ತೆ. ಅದಕ್ಕೇ ನಾನು ಒಂದು ಸಲಕ್ಕೆ 150-200 ಮಣಿಗಿಂತ ಹೆಚ್ಚು ಪೋಣಿಸಲ್ಲ, ಮುಗಿದ್ಮೇಲೆ ಅಂಚಲ್ಲಿ ನೂಲು ಕತ್ತರಿಸಿ ಮತ್ತೆ ಸೇರಿಸ್ತೀನಿ.

ಸಣ್ಣ ಕ್ರೋಶಾ ಕಡ್ಡಿಯಿಂದ ಸ್ಟಿಚ್ ಮೇಲೇ ಮಣಿ ಇಳಿಸ್ತೀರಾದ್ರೆ ಲೆಕ್ಕ ಬೇರೆ, ಅಲ್ಲಿ ಕುಣಿಕೆಯ ಎರಡೂ ಎಳೆ ಮಣಿಯೊಳಗೆ ಹೋಗೋದ್ರಿಂದ ಆ ಸ್ಟಿಚ್ ಉದ್ದಕ್ಕೆ ಎಳ್ಕೊಂಡು ಪಕ್ಕದವುಗಳಿಂದ ನೂಲು ಕದಿಯುತ್ತೆ, ಹಾಗಾಗಿ ಆಮೇಲಿನ ಸ್ಟಿಚ್ ಜಗ್ಗಬೇಡಿ.

ಹಿಂದಕ್ಕೆ ಹೋಗೋ ಮಣಿ ಬಗ್ಗೆ: ಅದು ಹೆಚ್ಚಾಗಿ ಮಣಿಯನ್ನ ಸ್ಟಿಚ್ ಒಳಗಿಂದಲೇ ತೂರಿಸಿ ಹೆಣೆಯೋ ಕಡೆ ಆಗೋದು. ಅಲ್ಲಿ ಕುಣಿಕೆಯ ಹಿಂದಿನ ಕಾಲಿಗೆ (ಕಡ್ಡಿಯ ಹಿಂದಿರೋ ಎಳೆಗೆ) ಕಡ್ಡಿ ಹಾಕಿ ತಿರುಚಿ ಹೆಣೆದ್ರೆ ಎಳೆ ಕತ್ತರಿಯಂತೆ ಅಡ್ಡ ಬಂದು ಮಣಿ ತಡೆಯುತ್ತೆ, ಕಡ್ಡಿನೂ ಒಂದು ಸೈಜ್ ಸಣ್ಣದು ತಗೊಳ್ಳಿ.

ಸ್ಯಾಂಪಲ್ ಹೆಣೆಯೋದಾದ್ರೆ ಮಣಿ ಹಾಕೇ ಹೆಣೀರಿ, ಮಣಿ ಇಲ್ಲದ ಸ್ಯಾಂಪಲ್ ಅಳತೆ ಇಲ್ಲಿ ಕೆಲಸಕ್ಕೆ ಬರಲ್ಲ. 15 ಸೆಂಮೀ ಚೌಕ ಹೆಣೆದು, ನೆನೆಸಿ, ಒಣಗಿಸಿ, ಮೇಲಿನ ಅಂಚಿಗೆ ಎರಡು ಕ್ಲಿಪ್ ಹಾಕಿ ಒಂದು ರಾತ್ರಿ ನೇತು ಹಾಕಿ. ಬೆಳಿಗ್ಗೆ ಮಣಿಗಳ ಭಾರಕ್ಕೆ ಉದ್ದ ಎಷ್ಟು ಹೆಚ್ಚಾಗಿದೆ ಅಳೀರಿ, ಆಮೇಲೆ ಬಟ್ಟೆಯನ್ನ ಉಲ್ಟಾ ಮಾಡಿ ಬೆರಳಾಡಿಸಿ, ಎಲ್ಲೂ ಮಣಿ ಕೈಗೆ ತಗಲದಿದ್ರೆ ಆ ಕಡ್ಡಿ ಆ ಮಣಿ ಎರಡೂ ಇಟ್ಕೊಂಡು ಶುರು ಮಾಡಿ.